ಬಣ್ಣ ಹೋಯಿತು, ಉಪ್ಪು ಉಳಿಯಿತು

ಚಾಮರಾಜನಗರದಿಂದ ಹೊರಟ ಬಸ್ಸು ಪುಣಜನೂರು ದಾಟಿ, ಹಾಸನೂರಿನಲ್ಲಿ ಕಾಫಿಗೆಂದು ನಿಂತು, ದಿಂಬಂ ಘಾಟಿಯ ನೆತ್ತಿಗೆ ಬಂದಾಗ ಬೆಳಗಿನ ಒಂಬತ್ತು ಗಂಟೆ. ಇಲ್ಲಿಂದ ಕೆಳಕ್ಕೆ ಇಪ್ಪತ್ತೇಳು ತಿರುವುಗಳು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ. ಕಿಟಕಿಯ ಪಕ್ಕ ಕುಳಿತಿದ್ದ ಮಗಳು ಬೆರಳು ಮಡಿಸುತ್ತ ತಿರುವುಗಳನ್ನು ಎಣಿಸುತ್ತಿದ್ದಳು. ನಾನು ಕಣ್ಣು ಮುಚ್ಚಿಕೊಂಡು ಬೆಳಿಗ್ಗೆ ತಿಂದ ಇಡ್ಲಿಯನ್ನು ಕಾಪಾಡಿಕೊಳ್ಳುವ ಪ್ರಯತ್ನದಲ್ಲಿದ್ದೆ.

ದಸರಾ ರಜೆಯಲ್ಲಿ ಊಟಿಗೋ ಕೊಡೈಕೆನಾಲಿಗೋ ಹೋಗಬೇಕಾದವರು ತಿರುಪ್ಪೂರಿಗೆ ಹೊರಟಿದ್ದೆವು. ಕಾರಣ ಇಷ್ಟೆ. ಪ್ರಥಮ ಪಿಯುಸಿ ಓದುತ್ತಿರುವ ಮಗಳು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ಒಂದು ವಿಷಯ ಆರಿಸಿಕೊಂಡಿದ್ದಳು: ಯೀಸ್ಟ್ ಬಳಸಿ ಬಟ್ಟೆ ಕಾರ್ಖಾನೆಯ ಬಣ್ಣದ ನೀರನ್ನು ಶುದ್ಧ ಮಾಡುವುದು. ಬ್ರೆಡ್ಡಿನ ಹಿಟ್ಟು ಉಬ್ಬಿಸುತ್ತದಲ್ಲ, ಅದೇ ಯೀಸ್ಟ್. 'ಸಿಇಟಿಗೆ ಓದುವುದು ಬಿಟ್ಟು ಇದೆಂಥ ಬಣ್ಣ ಕಲಸುವ ಆಟ' ಎಂದು ನಾನು ಗೊಣಗಿದ್ದು ನಿಜ. ಎಲ್ಲ ತಂದೆಯರಂತೆ ನನಗೂ ಅಂಕಗಳ ಚಿಂತೆ. ಆದರೆ ಅವಳಿಗೆ ಬೇಕಾಗಿದ್ದ ಬಣ್ಣದ ನೀರು ಅಸಲಿಯೇ ಆಗಬೇಕಿತ್ತಂತೆ, ಶಾಯಿ ಕಲಸಿದ ನೀರು ನಡೆಯದಂತೆ. ಅಸಲಿ ನೀರು ಸಿಗುವ ಊರಿನಲ್ಲಿ ನಮಗೊಬ್ಬ ನೆಂಟರಿದ್ದರು. ನನ್ನ ಸೋದರತ್ತೆಯನ್ನು ಕೊಟ್ಟಿದ್ದು ಕೊಂಗುನಾಡಿನ ನೇಕಾರರ ಮನೆಗೆ. ಅವರ ಮಗ, ನನ್ನ ಭಾವ, ನೊಯ್ಯಲ್ ನದಿಯ ಬದಿಯ ಹಳ್ಳಿಯಲ್ಲಿದ್ದಾರೆ. ಭಾವನ ಮಗ ತಿರುಪ್ಪೂರಿನಲ್ಲಿ ಬಣ್ಣದ ಕಾರ್ಖಾನೆಯ ಕೆಲಸಗಾರ.

ಕೊಯಿಮತ್ತೂರು, ಈರೋಡು ಸೀಮೆಯಲ್ಲಿ ದೇವಾಂಗರೂ ಸೇರಿದಂತೆ ಕನ್ನಡ ಮನೆಮಾತಿನ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಬೀದಿಯಲ್ಲಿ ತಮಿಳು, ಅಡುಗೆಮನೆಯಲ್ಲಿ ಕನ್ನಡ. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ಕೊಂಗಿನ ಹೆಸರೂ ಇದೆ. 1799ರಲ್ಲಿ ಟಿಪ್ಪು ಸುಲ್ತಾನ ಮಡಿಯುವವರೆಗೆ ಈ ಸೀಮೆ ಮೈಸೂರಿನ ಆಳ್ವಿಕೆಯಲ್ಲೇ ಇತ್ತು. ಘಾಟಿ ಇಳಿದು ಬಣ್ಣಾರಿ ಅಮ್ಮನ ಗುಡಿಯ ಮುಂದೆ ಬಸ್ಸು ನಿಂತಾಗಲೂ ಕನ್ನಡ ಕಿವಿಗೆ ಬೀಳುತ್ತಿತ್ತು. 'ಅಪ್ಪಾ, ಬಣ್ಣಾರಿ ಅನ್ನೋ ಹೆಸರಲ್ಲೇ ಬಣ್ಣ ಇದೆ, ಒಳ್ಳೇ ಶಕುನ' ಎಂದಳು ಮಗಳು.

ಸತ್ಯಮಂಗಲ, ಪುಳಿಯಂಪಟ್ಟಿ ಕಳೆದು ಅವಿನಾಶಿಯಲ್ಲಿ ಇಳಿದೆವು. ಇಲ್ಲಿನ ಶಿವಾಲಯದ ಸ್ಥಳಪುರಾಣ ಸೊಗಸಾಗಿದೆ. ಕೆರೆಯ ಮೊಸಳೆಯೊಂದು ಬಾಲಕನನ್ನು ನುಂಗಿತ್ತಂತೆ. ವರ್ಷಗಳ ನಂತರ ಅಲ್ಲಿಗೆ ಬಂದ ಸುಂದರಮೂರ್ತಿ ನಾಯನಾರರು ಹಾಡಿ ಬೇಡಿದಾಗ ಮೊಸಳೆ ಆ ಹುಡುಗನನ್ನು ಮರಳಿ ಕೊಟ್ಟಿತಂತೆ, ಅಷ್ಟೂ ವರ್ಷದ ಬೆಳವಣಿಗೆಯೊಂದಿಗೆ! ನುಂಗಿದ್ದನ್ನು ಮರಳಿ ಕೊಡುವ ಈ ಕಥೆ ನಮ್ಮ ಪ್ರವಾಸದಲ್ಲಿ ಮತ್ತೊಮ್ಮೆ ನೆನಪಾಗಲಿತ್ತು.

ಬನಿಯನ್ನಿನ ಊರು

ತಿರುಪ್ಪೂರು ನೋಡಲು ಚೆಂದದ ಊರೇನಲ್ಲ. ಕಿರಿದಾದ ರಸ್ತೆ, ದಾರದುಂಡೆಗಳನ್ನು ಹೊತ್ತ ಟೆಂಪೋ, ಬಟ್ಟೆಯ ಸುರುಳಿಗಳನ್ನು ಏರಿಸಿಕೊಂಡ ಮೊಪೆಡ್, ಮಹಡಿ ಮಹಡಿಗಳಲ್ಲಿ ಹೊಲಿಗೆ ಯಂತ್ರಗಳ ಗುಂಯ್‌ಗುಡುವಿಕೆ. ಭಾರತ ಹೊರದೇಶಗಳಿಗೆ ಕಳಿಸುವ ಹೆಣೆದ ಹತ್ತಿಯ ಉಡುಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಒಂದು ಊರಿನದು. ನೀವು ಈಗ ತೊಟ್ಟಿರುವ ಟೀ ಶರ್ಟಿನ ಒಳಗಿನ ಚೀಟಿ ನೋಡಿ. ಊರಿನ ಹೆಸರು ಅಲ್ಲಿ ಇರದೇ ಇರಬಹುದು, ಊರಿನ ಬೆವರು ಇರುವ ಸಾಧ್ಯತೆ ಬಹಳ.

ರೈಲು ನಿಲ್ದಾಣದ ಹತ್ತಿರ ತಿರುಪ್ಪೂರು ಕುಮರನ್ ಸ್ಮಾರಕವಿದೆ. 1932ರ ಜನವರಿಯಲ್ಲಿ ನೊಯ್ಯಲ್ ದಂಡೆಯಲ್ಲಿ ನಡೆದ ಮೆರವಣಿಗೆಯ ಮೇಲೆ ಪೊಲೀಸರು ಲಾಠಿ ಬೀಸಿದಾಗ, ತಲೆಗೆ ಪೆಟ್ಟು ಬಿದ್ದು ನೆಲಕ್ಕುರುಳಿದರೂ ಧ್ವಜವನ್ನು ಕೈಬಿಡದೆ ಪ್ರಾಣ ಬಿಟ್ಟ ತರುಣ ಆತ. ಅವನೂ ಗಿರಣಿಯಲ್ಲಿ ದುಡಿಯುತ್ತಿದ್ದವನೇ. ಸ್ಮಾರಕಕ್ಕೆ ಕೈಮುಗಿದು, ಅವನ ರಕ್ತ ಬಿದ್ದ ದಂಡೆ ನೋಡೋಣವೆಂದು ಸೇತುವೆಯ ಮೇಲೆ ಹೋಗಿ ನಿಂತೆವು. ಕೆಳಗೆ ಹರಿಯುತ್ತಿದ್ದುದು ಊರಿನ ಕೊಳಚೆಯ ವಾಸನೆ ಹೊತ್ತ ಬೂದು ನೀರು. ವೃಷಭಾವತಿಯನ್ನು ನೋಡಿದ ಬೆಂಗಳೂರಿನವರಿಗೆ ಇದರ ಪರಿಚಯ ಬೇರೆ ಬೇಕಿಲ್ಲ.

'ಇದು ನೀವು ಇಪ್ಪತ್ತು ವರ್ಷದ ಹಿಂದೆ ನೋಡಬೇಕಿತ್ತು ಮಾವ' ಎಂದ ನಮ್ಮನ್ನು ಕರೆದೊಯ್ಯಲು ಬಂದಿದ್ದ ಭಾವನ ಮಗ. 'ಆಗ ಹೊಳೆ ದಿನಕ್ಕೊಂದು ಬಣ್ಣ. ಈ ವರ್ಷ ಹೊರದೇಶದಲ್ಲಿ ಯಾವ ಬಣ್ಣದ ಫ್ಯಾಷನ್ ಅಂತ ಹೊಳೆ ನೋಡಿ ಹೇಳಬಹುದಿತ್ತು.' ನಗೆಚಾಟಿಕೆಯಂತೆ ಹೇಳಿದ. ನಮಗೆ ನಗು ಬರಲಿಲ್ಲ.

ನೊಯ್ಯಲ್ ಸಣ್ಣ ನದಿ. ಕೊಯಿಮತ್ತೂರಿನ ಪಶ್ಚಿಮಕ್ಕಿರುವ ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟಿ, ಪೇರೂರಿನ ಪ್ರಾಚೀನ ದೇವಾಲಯದ ಪಾದ ತೊಳೆದು, ತಿರುಪ್ಪೂರನ್ನು ಸೀಳಿಕೊಂಡು ಹೋಗಿ, ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಸೇರುತ್ತದೆ. ಹೌದು, ನಮ್ಮ ಕೊಡಗಿನ ಕಾವೇರಿಯನ್ನೇ. ತಲಕಾವೇರಿಯಲ್ಲಿ ನಾವು ತಲೆಗೆ ಚಿಮುಕಿಸಿಕೊಳ್ಳುವ ತೀರ್ಥಕ್ಕೆ ದಾರಿಯಲ್ಲಿ ಯಾರ್ಯಾರು ಜೊತೆಯಾಗುತ್ತಾರೆಂದು ನಾವು ಕೇಳುವುದಿಲ್ಲ.

ಸಮುದ್ರಕ್ಕಿಂತ ಉಪ್ಪು

ಭಾವನ ಮಗ ಮಾಲೀಕರ ಅನುಮತಿ ಪಡೆದು ನಮ್ಮನ್ನು ತಾನು ದುಡಿಯುವ ಜಾಗಕ್ಕೆ ಕರೆದೊಯ್ದ. ಒಳಗೆ ಹಬೆ, ಸೆಕೆ. ಸ್ಟೀಲಿನ ದೊಡ್ಡ ಹಂಡೆಗಳಂಥ ಯಂತ್ರಗಳಲ್ಲಿ ಬಟ್ಟೆ ಹಗ್ಗದಂತೆ ಸುತ್ತುತ್ತಿರುತ್ತದೆ. ನೀರು, ಬಣ್ಣ, ಉಪ್ಪು, ಕೊನೆಗೆ ಸೋಡಾ. ಇಷ್ಟೇ ಅಡುಗೆ.

ಬಣ್ಣದ ಚರಿತ್ರೆಯೇ ಒಂದು ರೋಚಕ ಕಥೆ. 1856ರಲ್ಲಿ ಲಂಡನ್ನಿನ ಹದಿನೆಂಟರ ಹುಡುಗ ವಿಲಿಯಂ ಪರ್ಕಿನ್ ರಜೆಯಲ್ಲಿ ಮನೆಯಲ್ಲೇ ಮಲೇರಿಯಾದ ಔಷಧಿ ಕ್ವಿನೈನ್ ತಯಾರಿಸಲು ಹೋಗಿ, ಆಗದೆ, ಪಾತ್ರೆಯಲ್ಲಿ ಉಳಿದ ಕಪ್ಪು ಗಷ್ಟಿನಿಂದ ನೇರಳೆ ಬಣ್ಣ ಕಂಡುಹಿಡಿದ. ಕೃತಕ ಬಣ್ಣಗಳ ಯುಗ ಅಲ್ಲಿಂದ ಶುರು. ಸರಿಯಾಗಿ ನೂರು ವರ್ಷದ ನಂತರ, 1956ರಲ್ಲಿ, ಹತ್ತಿಯ ನಾರಿನೊಂದಿಗೆ ರಾಸಾಯನಿಕ ಗಂಟು ಹಾಕಿಕೊಳ್ಳುವ 'ರಿಯಾಕ್ಟಿವ್' ಬಣ್ಣಗಳು ಮಾರುಕಟ್ಟೆಗೆ ಬಂದವು. ಎಷ್ಟು ಒಗೆದರೂ ಟೀ ಶರ್ಟಿನ ಬಣ್ಣ ಹೋಗದಿರುವುದು ಈ ಗಂಟಿನಿಂದಾಗಿ.

ಆದರೆ ಎಲ್ಲ ಬಣ್ಣವೂ ಗಂಟು ಹಾಕಿಕೊಳ್ಳುವುದಿಲ್ಲ. ನೂರರಲ್ಲಿ ಇಪ್ಪತ್ತೋ ಮೂವತ್ತೋ ಪಾಲು, ಕೆಲವೊಮ್ಮೆ ಇನ್ನೂ ಹೆಚ್ಚು, ನೀರಿನೊಂದಿಗೇ ಕೂಡಿ ಕೆಟ್ಟುಹೋಗಿ ಹೊರಗೆ ಬರುತ್ತದೆ. ಲೀಟರ್ ನೀರಿಗೆ ಒಂದು ಮಿಲಿಗ್ರಾಂ ಬಣ್ಣ ಬೆರೆತರೂ ಸಾಕು, ಕಣ್ಣಿಗೆ ಗೊತ್ತಾಗುತ್ತದೆ. ಬೆಳಕು ಒಳಹೋಗದೆ ನೀರಿನ ಗಿಡ, ಪಾಚಿಗಳು ಸೊರಗುತ್ತವೆ.

'ಉಪ್ಪು ಯಾಕೆ?' ಎಂದಳು ಮಗಳು. ನೀರಿನಲ್ಲಿ ಹತ್ತಿಯ ನಾರಿಗೂ ಋಣ ವಿದ್ಯುದಂಶ, ಈ ಬಣ್ಣಕ್ಕೂ ಋಣ ವಿದ್ಯುದಂಶ. ಎರಡೂ ಒಂದನ್ನೊಂದು ದೂರ ತಳ್ಳುತ್ತವೆ. ನಡುವೆ ನಿಂತು ಈ ಜಗಳ ಬಿಡಿಸಿ ಬಣ್ಣವನ್ನು ನಾರಿನ ಹತ್ತಿರ ಕಳಿಸುವ ದಲ್ಲಾಳಿಯೇ ಉಪ್ಪು. ಗಾಢ ಬಣ್ಣವಾದರೆ ಲೀಟರಿಗೆ 60ರಿಂದ 80 ಗ್ರಾಂವರೆಗೆ ಬೇಕು. ಸಮುದ್ರದ ನೀರಿನಲ್ಲಿರುವುದು ಲೀಟರಿಗೆ ಸುಮಾರು 35 ಗ್ರಾಂ ಮಾತ್ರ! ದಲ್ಲಾಳಿ ಬಟ್ಟೆಯ ಜೊತೆ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಅಷ್ಟೂ ಉಪ್ಪು ನೀರಿನಲ್ಲೇ ಉಳಿಯುತ್ತದೆ.

ಮಗಳು ತನ್ನ ಪುಸ್ತಕದಲ್ಲಿ ಬಣ್ಣದ ಬಗ್ಗೆ ಒಂದು ಪುಟ ಬರೆದುಕೊಂಡಳು, ಉಪ್ಪಿನ ಬಗ್ಗೆ ಒಂದು ಸಾಲು. ಕಾರ್ಖಾನೆಯವರು ಒಂದು ಬಾಟಲಿ ಕೆಂಪು ನೀರು ತುಂಬಿ, ಮುಚ್ಚಳ ಬಿಗಿದು, ಮೇಲೆ ಚೀಟಿ ಅಂಟಿಸಿ ಕೊಟ್ಟರು. ದಾಳಿಂಬೆ ಶರಬತ್ತಿನ ಹಾಗಿತ್ತು. ಯಾರೂ ಮರೆತು ಕುಡಿಯದಿರಲೆಂದು ನಾನು ಅದನ್ನು ಚೀಲದ ತಳಕ್ಕೆ ಹಾಕಿದೆ.

ಭಾವನ ಬಾವಿ

ಮರುದಿನ ಭಾವನ ಹಳ್ಳಿ. ಚೆನ್ನಿಮಲೆಯ ಕಡೆ ಹೋಗುವ ದಾರಿಯಲ್ಲಿ ಕೊಡುಮಣಲ್ ಎಂಬ ಊರಿದೆ. ಎರಡು ಸಾವಿರ ವರ್ಷದ ಹಿಂದೆ ಇಲ್ಲಿ ಕಬ್ಬಿಣ ಕರಗಿಸುತ್ತಿದ್ದರು, ಬಣ್ಣದ ಕಲ್ಲುಗಳನ್ನು ಕೊರೆದು ಮಣಿ ಮಾಡುತ್ತಿದ್ದರು ಎಂಬುದು ಉತ್ಖನನದಲ್ಲಿ ತಿಳಿದಿದೆ. ಬ್ರಾಹ್ಮಿ ಲಿಪಿಯಲ್ಲಿ ಹೆಸರು ಕೊರೆದ ಮಡಕೆ ಚೂರುಗಳೂ ಸಿಕ್ಕಿವೆ. ಕೇರಳದ ಕರಾವಳಿಗೂ ಕರೂರಿಗೂ ನಡುವಿನ ವ್ಯಾಪಾರದ ಹಾದಿ ಇದು. ಹೊರದೇಶಕ್ಕೆ ಸರಕು ಕಳಿಸುವ ಕಸುಬು ನೊಯ್ಯಲ್ ದಂಡೆಗೆ ಹೊಸದಲ್ಲ.

ಅದಕ್ಕೆ ಸಮೀಪದಲ್ಲೇ ಒರತ್ತುಪಾಳಯಂ ಅಣೆಕಟ್ಟೆ. 1992ರಲ್ಲಿ ಕಟ್ಟಿ ಮುಗಿಸಿದರು. ಒಣಭೂಮಿಗೆ ನೀರು ಬರುತ್ತದೆಂದು ಊರೆಲ್ಲ ಸಿಹಿ ಹಂಚಿತಂತೆ. ಆದರೆ ಅದೇ ವರ್ಷಗಳಲ್ಲಿ ಮೇಲೆ ತಿರುಪ್ಪೂರಿನ ಬಣ್ಣದ ಕಾರ್ಖಾನೆಗಳೂ ಹೆಚ್ಚಿದವು. ಮಳೆಗಾಲದ ನೀರನ್ನು ಕೂಡಿಡಬೇಕಾದ ಅಣೆಕಟ್ಟೆ ಕಾರ್ಖಾನೆಗಳ ನೀರನ್ನು ಕೂಡಿಟ್ಟಿತು. ಕೆಲವೇ ವರ್ಷಗಳಲ್ಲಿ ಪ್ರಪಂಚದಲ್ಲಿ ಎಲ್ಲೂ ಇಲ್ಲದ ವಿಚಿತ್ರ ಇಲ್ಲಿ ನಡೆಯಿತು. 'ನಮಗೆ ಅಣೆಕಟ್ಟೆಯ ನೀರು ಬಿಡಬೇಡಿ' ಎಂದು ರೈತರೇ ಬೇಡಿಕೊಂಡರು!

ಭಾವನಿಗೆ ಈಗ ಎಪ್ಪತ್ತು ದಾಟಿದೆ. ನಮ್ಮನ್ನು ತೋಟದ ಬಾವಿಯ ಹತ್ತಿರ ಕರೆದುಕೊಂಡು ಹೋದರು. ಕಲ್ಲು ಕಟ್ಟಿದ ದೊಡ್ಡ ಬಾವಿ. ನೀರು ಮೇಲೆಯೇ ಇದೆ, ಸ್ಫಟಿಕದ ಹಾಗೆ ತಿಳಿಯಾಗಿದೆ. ತಳದ ಕಲ್ಲು ಕಾಣುತ್ತಿತ್ತು.

'ಕುಡಿದು ನೋಡು' ಎಂದರು ಮಗಳಿಗೆ. ಬೊಗಸೆಯಲ್ಲಿ ಹಿಡಿದು ನಾಲಗೆಗೆ ತಾಗಿಸಿದವಳೇ ಮುಖ ಕಿವಿಚಿ ಉಗಿದಳು.

'ಬಣ್ಣ ಇತ್ತಲ್ಲ, ಅದನ್ನ ಮಣ್ಣು ಸೋಸಿಬಿಡ್ತು. ಉಪ್ಪನ್ನ ಯಾರು ಸೋಸ್ತಾರೆ?' ಎಂದರು ಭಾವ. 'ಈ ಬಾವೀಲಿ ಅರಿಶಿನ ಬೆಳೆದಿದ್ದೆ ಕಣಮ್ಮ. ನಿಮ್ಮಜ್ಜಿ ಮನೆಗೆ ಪ್ರತಿ ಸಂಕ್ರಾಂತಿಗೆ ಅರಿಶಿನದ ಗಿಡ ಕಳಿಸ್ತಿದ್ದುದು ಇಲ್ಲಿಂದಲೇ.'

ಆ ಅರಿಶಿನದ ಗಿಡಗಳು ನನಗೆ ಚೆನ್ನಾಗಿ ನೆನಪಿವೆ. ಯಾವುದೋ ವರ್ಷದಿಂದ ಅವು ಬರುವುದು ನಿಂತಿತ್ತು. ನೆಂಟಸ್ತನ ಹಳಸಿತೆಂದು ನಮ್ಮ ಮನೆಯಲ್ಲಿ ಬೇಸರಪಟ್ಟುಕೊಂಡಿದ್ದೆವು. ಯಾಕೆಂದು ಒಂದು ಕಾಗದ ಬರೆದು ಕೇಳಲಿಲ್ಲ.

ಉಪ್ಪು ನೀರಿನಿಂದ ಬೆಳೆ ಯಾಕೆ ಸಾಯುತ್ತದೆ? ಮಾವಿನಕಾಯಿ ಉಪ್ಪಿನಕಾಯಿ ಹಾಕುವುದನ್ನು ನೋಡಿದ ಮಕ್ಕಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಹೋಳು ಸುಕ್ಕಾಗಿ, ಜಾಡಿಯಲ್ಲಿ ನೀರು ನಿಂತಿರುತ್ತದೆ. ಉಪ್ಪು ಹೊರಗಿದ್ದರೆ ನೀರನ್ನು ಹೊರಕ್ಕೆಳೆಯುತ್ತದೆ. ಬೇರಿನ ಸುತ್ತ ಉಪ್ಪು ತುಂಬಿದಾಗಲೂ ಹಾಗೆಯೇ. ನೀರಿನಲ್ಲೇ ನಿಂತಿದ್ದರೂ ಗಿಡಕ್ಕೆ ನೀರು ಕುಡಿಯಲಾಗದು. ಸಾಲದ್ದಕ್ಕೆ ಉಪ್ಪಿನ ಸೋಡಿಯಂ ಜೇಡಿಮಣ್ಣಿನ ಕಣಗಳನ್ನು ಬಿಡಿಬಿಡಿಯಾಗಿಸಿ, ಒಣಗಿದಾಗ ನೆಲವನ್ನು ಹಪ್ಪಳದಂತೆ ಗಟ್ಟಿ ಮಾಡುತ್ತದೆ.

ರೈತರು ನ್ಯಾಯಾಲಯಕ್ಕೆ ಹೋದರು. 2006ರ ಡಿಸೆಂಬರಿನಲ್ಲಿ ಮದ್ರಾಸ್ ಹೈಕೋರ್ಟು, ಕಾರ್ಖಾನೆಗಳು ಒಂದು ಹನಿ ಕೊಳೆ ನೀರನ್ನೂ ಹೊರಗೆ ಬಿಡಕೂಡದೆಂದು ಹೇಳಿತು. 2009ರಲ್ಲಿ ಸುಪ್ರೀಂ ಕೋರ್ಟು ಕೂಡ ರೈತರ ಪರ ನಿಂತಿತು. ಆದರೂ ನೀರು ಹರಿಯುತ್ತಲೇ ಇತ್ತು. 2011ರ ಜನವರಿ 28ರಂದು ಹೈಕೋರ್ಟು ಏಳುನೂರಕ್ಕೂ ಹೆಚ್ಚು ಬಣ್ಣದ ಘಟಕಗಳನ್ನು ಮುಚ್ಚುವಂತೆ ಆದೇಶಿಸಿತು.

'ಆ ದಿನ ಊರಲ್ಲಿ ಪಟಾಕಿ ಹೊಡೆದರು' ಎಂದರು ಭಾವ. ಪಕ್ಕದಲ್ಲೇ ನಿಂತಿದ್ದ ಮಗ ನೆಲ ನೋಡುತ್ತ ಹೇಳಿದ: 'ಆ ದಿನ ನನ್ನ ಕೆಲಸ ಹೋಯ್ತು. ಐದು ತಿಂಗಳು ಅಪ್ಪನ ಹತ್ತಿರ ಬಸ್ ಚಾರ್ಜು ಕೇಳ್ತಿದ್ದೆ.' ಭಾವ ಏನೂ ಹೇಳಲಿಲ್ಲ. ಹೊಲ ಕೆಟ್ಟಿದ್ದರಿಂದಲೇ ಮಗ ಕಾರ್ಖಾನೆಗೆ ಹೋಗಿದ್ದು. ಹೊಲ ಕೆಡಿಸಿದ್ದೂ ಕಾರ್ಖಾನೆಯೇ. ಒಂದೇ ಮನೆಯಲ್ಲಿ, ಒಂದೇ ತಟ್ಟೆಯಲ್ಲಿ, ವಾದಿ ಪ್ರತಿವಾದಿಗಳಿಬ್ಬರೂ ಉಣ್ಣುತ್ತಿದ್ದರು. ಪತ್ರಿಕೆಯಲ್ಲಿ ಒಂದು ಸಾಲಿನ ಸುದ್ದಿ ಓದಿ 'ಒಳ್ಳೇದಾಯಿತು' ಎಂದು ಪುಟ ತಿರುಗಿಸುವ ನನ್ನಂಥವರಿಗೆ ಇದು ಕಾಣುವುದಿಲ್ಲ.

ಹನಿ ನೀರೂ ಹೊರಗಿಲ್ಲ

ಕಾರ್ಖಾನೆಗಳು ಮತ್ತೆ ತೆರೆದದ್ದು, ನೀರನ್ನು ಪೂರ್ತಿ ಮರಳಿ ಪಡೆಯುವ ಏರ್ಪಾಡು ಮಾಡಿಕೊಂಡ ಮೇಲೆ, ಹಂತಹಂತವಾಗಿ. ಹಲವು ಕಾರ್ಖಾನೆಗಳು ಸೇರಿ ಕಟ್ಟಿಕೊಂಡ ಅಂಥ ಒಂದು ಶುದ್ಧೀಕರಣ ಕೇಂದ್ರವನ್ನು ಹಿಂತಿರುಗುವಾಗ ನೋಡಿದೆವು. ಅಲ್ಲಿನ ಎಂಜಿನಿಯರು ತಾಳ್ಮೆಯಿಂದ ವಿವರಿಸಿದರು.

ಮೊದಲು ದೊಡ್ಡ ತೊಟ್ಟಿಗಳಲ್ಲಿ ಗಾಳಿಯೂದಿ ಬ್ಯಾಕ್ಟೀರಿಯಾಗಳನ್ನು ಸಾಕುತ್ತಾರೆ. ಅವು ನೀರಿನ ಸಾವಯವ ಕೊಳೆಯನ್ನು ತಿನ್ನುತ್ತವೆ. ನಂತರ ಸೋಸುವಿಕೆ. ಆಮೇಲೆ ಅತಿ ಸೂಕ್ಷ್ಮ ಪೊರೆಗಳ ಮೂಲಕ ಒತ್ತಡದಿಂದ ನೀರನ್ನು ಹಿಂಡುತ್ತಾರೆ. ಮನೆಯ ನೀರಿನ ಯಂತ್ರದಲ್ಲಿರುವ ಆರ್‌ಒ ತಂತ್ರವೇ, ಆದರೆ ಆನೆ ಗಾತ್ರದ್ದು. ಪೊರೆಯ ಈಚೆ ಸಿಹಿನೀರು, ಆಚೆ ಗಟ್ಟಿ ಉಪ್ಪುನೀರು. ಆ ಉಪ್ಪುನೀರನ್ನು ಕಾಯಿಸಿ ಆವಿ ಮಾಡಿ ಉಪ್ಪನ್ನು ಬೇರ್ಪಡಿಸುತ್ತಾರೆ. ನೀರೂ ಉಪ್ಪೂ ಮತ್ತೆ ಬಣ್ಣದ ಹಂಡೆಗೇ ವಾಪಸು. ಕೇಳಲು ಚೆಂದ. ಆದರೆ ನೀರನ್ನು ಕುದಿಸುವುದು ದುಬಾರಿ ಕೆಲಸ. ಕರೆಂಟು ಬೇಕು, ಸೌದೆ ಬೇಕು. ಮರುಬಳಕೆಗೆ ಬಾರದ ಮಿಶ್ರ ಉಪ್ಪು ಮೂಟೆಗಟ್ಟಲೆ ಉಳಿಯುತ್ತದೆ.

'ನೀವು ಯೀಸ್ಟ್ ಬಳಸುವುದಿಲ್ಲವೇ ಸರ್?' ಮಗಳ ಪ್ರಶ್ನೆ.

ಅವರು ನಕ್ಕರು, ಆದರೆ ಹೀಯಾಳಿಸಲಿಲ್ಲ. 'ನಮ್ಮಲ್ಲಿಲ್ಲ. ಪ್ರಯೋಗಾಲಯದಲ್ಲಿ ಆಗುತ್ತೆ ಅಂತ ಓದಿದ್ದೇನೆ. ನೀನು ಮಾಡಿ ನೋಡು. ಆದರೆ ಕೊನೇಲಿ ಉಳಿದ ನೀರನ್ನ ಚೆಲ್ಲಬೇಡ, ಒಂದು ತಟ್ಟೇಲಿ ಹಾಕಿ ಬಿಸಿಲಿಗಿಡು.'

ನಾಲ್ಕು ಗಾಜಿನ ಲೋಟ

ಯೀಸ್ಟ್ ಎಂಬುದು ಒಂದೇ ಜೀವಕೋಶದ ಶಿಲೀಂಧ್ರ. ಅಣಬೆಯ ದೂರದ ನೆಂಟ. ಬರಿಗಣ್ಣಿಗೆ ಕಾಣದು. ಒಂದು ಗ್ರಾಂ ಒಣ ಯೀಸ್ಟಿನಲ್ಲಿ ಸಾವಿರ ಕೋಟಿಗೂ ಹೆಚ್ಚು ಕೋಶಗಳಿರುತ್ತವೆ. ಬ್ರೆಡ್ಡಿನ ಹಿಟ್ಟು ಉಬ್ಬುವುದೂ ಹೆಂಡ ಹುಳಿಯುವುದೂ ಅದರಿಂದಲೇ. ಬಿಯರ್ ತಯಾರಿಸುವ ಕಡೆ ಬಳಸಿ ಉಳಿದ ಯೀಸ್ಟ್ ರಾಶಿ ರಾಶಿ ಸಿಗುತ್ತದೆ.

ಬಣ್ಣಕ್ಕೂ ಯೀಸ್ಟಿಗೂ ಇರುವ ನಂಟು ಹೊಸದಲ್ಲ. ಯೀಸ್ಟ್ ಕೋಶ ಬದುಕಿದೆಯೋ ಸತ್ತಿದೆಯೋ ತಿಳಿಯಲು ಪ್ರಯೋಗಾಲಯಗಳಲ್ಲಿ ಮೆಥಿಲೀನ್ ಬ್ಲೂ ಎಂಬ ನೀಲಿ ಹಾಕುವ ಪದ್ಧತಿ ಬಹಳ ಹಳೆಯದು. ಜೀವಂತ ಕೋಶ ಆ ನೀಲಿಯನ್ನು ಬಣ್ಣಗೆಡಿಸಿ ಬಿಳಿಯಾಗಿಯೇ ಉಳಿಯುತ್ತದೆ. ಸತ್ತ ಕೋಶ ನೀಲಿಯಾಗುತ್ತದೆ. ಜೀವವಿಲ್ಲದ್ದು ಬಣ್ಣವನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂಬ ಈ ಪಾಠವೇ ನೀರು ಶುದ್ಧೀಕರಣದಲ್ಲೂ ಕೆಲಸಕ್ಕೆ ಬರುತ್ತದೆ.

ಯೀಸ್ಟಿನ ಕೋಶಭಿತ್ತಿ ಸಕ್ಕರೆ, ಪ್ರೋಟೀನುಗಳಿಂದ ಹೆಣೆದ ಒಂದು ಚೀಲ. ಹುಳಿ ನೀರಿನಲ್ಲಿ ಈ ಚೀಲದ ಮೇಲ್ಮೈ ಧನ ವಿದ್ಯುದಂಶ ಪಡೆಯುತ್ತದೆ. ಬಟ್ಟೆಯ ಬಣ್ಣವೋ ಋಣ. ಧನ ಋಣ ಅಂಟಿಕೊಳ್ಳುತ್ತವೆ. ತುರ್ಕಿಯ ವಿಜ್ಞಾನಿಗಳು 2003ರಲ್ಲಿ ಒಂಬತ್ತು ಬಗೆಯ ಯೀಸ್ಟುಗಳನ್ನು ಒಂದು ನೀಲಿ ರಿಯಾಕ್ಟಿವ್ ಬಣ್ಣದೊಂದಿಗೆ ಪರೀಕ್ಷಿಸಿ ನೋಡಿದರು. ಪಿಎಚ್ 2ರ ಸುಮಾರಿನ ಬಲವಾದ ಹುಳಿಯಲ್ಲಿ ಅವು ಚೆನ್ನಾಗಿ ಬಣ್ಣ ಹೀರಿದವು. ಜೀವಂತ ಯೀಸ್ಟಿಗೆ ಬೆಲ್ಲದ ಕಾಕಂಬಿಯಂಥ ಆಹಾರ ಕೊಟ್ಟು ಬೆಳೆಸುತ್ತ ಬಣ್ಣವನ್ನು ಒಳಗೆಳೆದುಕೊಳ್ಳುವಂತೆ ಮಾಡುವುದು ಇನ್ನೊಂದು ವಿಧಾನ. ಕೆಲವು ಜಾತಿಯ ಯೀಸ್ಟುಗಳು ತಮ್ಮ ಕಿಣ್ವಗಳಿಂದ ಬಣ್ಣದ ಅಣುವನ್ನೇ ಮುರಿಯುತ್ತವೆ. ಆದರೆ ಅಲ್ಲೊಂದು ಅಪಾಯವಿದೆ. 'ಅಜೋ' ಎಂಬ ಗುಂಪಿನ ಬಣ್ಣಗಳು ಅರ್ಧಕ್ಕೆ ಮುರಿದರೆ ಉಳಿಯುವ ತುಂಡುಗಳಿಗೆ ಬಣ್ಣವಿರುವುದಿಲ್ಲ, ಕೆಲವಕ್ಕೆ ವಿಷವಿರುತ್ತದೆ. ಕ್ಯಾನ್ಸರ್ ತರಬಲ್ಲ ಇಂಥ ತುಂಡುಗಳನ್ನು ಬಿಡುವ ಬಣ್ಣಗಳನ್ನು 1994ರಲ್ಲಿ ಜರ್ಮನಿ ಉಡುಪುಗಳಲ್ಲಿ ನಿಷೇಧಿಸಿತು. ಕಣ್ಣಿಗೆ ತಿಳಿಯಾದದ್ದೆಲ್ಲ ಶುದ್ಧವಲ್ಲ.

ಊರಿಗೆ ಬಂದ ಮೇಲೆ ಕಾಲೇಜಿನ ಪ್ರಯೋಗಾಲಯದಲ್ಲಿ, ಉಪನ್ಯಾಸಕರ ಎದುರಿನಲ್ಲಿ, ಕೈಗವಸು ತೊಟ್ಟು ಮಗಳು ನಾಲ್ಕು ಲೋಟ ಜೋಡಿಸಿದಳು. ನಾಲ್ಕರಲ್ಲೂ ತಿರುಪ್ಪೂರಿನ ಕೆಂಪು ನೀರು. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಎರಡನೆಯದಕ್ಕೆ ಹಸಿ ಯೀಸ್ಟ್. ಮೂರನೆಯದಕ್ಕೆ ಬೇಯಿಸಿ ತೊಳೆದ ಯೀಸ್ಟ್. ನಾಲ್ಕನೆಯದಕ್ಕೆ ಬೇಯಿಸಿದ ಯೀಸ್ಟಿನ ಜೊತೆ ಹೈಡ್ರೋಕ್ಲೋರಿಕ್ ಆಮ್ಲವನ್ನು ಉಪನ್ಯಾಸಕರೇ ಹನಿಹನಿಯಾಗಿ ಬಿಟ್ಟರು. ಸೋಡಾ ಬೆರೆತ ನೀರಾದ್ದರಿಂದ ಬುಸುಬುಸು ನೊರೆ ಬಂತು.

ಮರುದಿನ ಬೆಳಿಗ್ಗೆ ಮೊದಲ ಮೂರು ಲೋಟಗಳಲ್ಲಿ ಹೆಚ್ಚು ಬದಲಾವಣೆಯಿಲ್ಲ. ನಾಲ್ಕನೆಯದರ ತಳದಲ್ಲಿ ಕುಂಕುಮದ ಕೆಸರು. ಮೇಲೆ ತೆಳು ಗುಲಾಬಿ ನೀರು. ಅದನ್ನು ಬಸಿದು ಇನ್ನೊಮ್ಮೆ ಯೀಸ್ಟ್ ಹಾಕಿದಾಗ ಹೆಚ್ಚುಕಡಿಮೆ ಬಣ್ಣವೇ ಹೋಯಿತು. ಗೆಳತಿಯರು ಚಪ್ಪಾಳೆ ಹೊಡೆದರು. ಬಹುಮಾನ ಬಂದಂತೆಯೇ ಎಂದು ನಾನೂ ಹಿಗ್ಗಿದೆ.

ಮಗಳು ಮಾತ್ರ ಆ ತಿಳಿನೀರನ್ನು ಸ್ಟೀಲ್ ತಟ್ಟೆಗೆ ಸುರಿದು ಬಿಸಿಲಿಗಿಟ್ಟಳು. ಮೂರನೆಯ ದಿನ ತಟ್ಟೆಯ ತುಂಬ ಬೆಳ್ಳನೆಯ ಹರಳು. ಕೆಂಪು ನೀರಿನಲ್ಲಿದ್ದ ಉಪ್ಪು ಒಂದಿಷ್ಟೂ ಕಡಿಮೆಯಾಗಿರಲಿಲ್ಲ. ಸೋಡಾಕ್ಕೆ ಆಮ್ಲ ಸೇರಿದರೆ ಹುಟ್ಟುವುದೂ ಉಪ್ಪೇ ಆದ್ದರಿಂದ, ಹೆಚ್ಚೇ ಆಗಿತ್ತು. ಇನ್ನು ತಳದ ಕೆಂಪು ಕೆಸರಿಗೆ ಅವಳು ಸ್ವಲ್ಪ ಸೋಡಾ ನೀರು ಹಾಕಿ ಕಲಕಿದಳು. ನೋಡನೋಡುತ್ತಿದ್ದಂತೆ ಬಣ್ಣ ಮತ್ತೆ ನೀರಿಗಿಳಿಯತೊಡಗಿತು. ಹುಳಿ ಹೋದೊಡನೆ ಯೀಸ್ಟು ಹಿಡಿತ ಸಡಿಲಿಸಿತ್ತು.

'ಅವಿನಾಶಿಯ ಮೊಸಳೆ!' ಎಂದಳು ಮಗಳು.

ಹಾಗಾದರೆ ಯೀಸ್ಟಿನ ದಾರಿ ಸುಳ್ಳೇ? ಅಲ್ಲ. ಅಗ್ಗದ, ಅಪಾಯವಿಲ್ಲದ, ಬಿಸಾಡುವ ವಸ್ತುವೊಂದು ಬಣ್ಣ ಹೀರುತ್ತದೆಂಬುದು ನಿಜ. ಆ ಕೆಸರನ್ನು ಸುಡುವುದೋ ಹೂಳುವುದೋ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕು. ಕಾರ್ಖಾನೆಯ ಕ್ಷಾರದ ನೀರಿನಲ್ಲೇ ಕೆಲಸ ಮಾಡುವಂತೆ ಅದನ್ನು ಪಳಗಿಸಬೇಕು. ಸೂಕ್ಷ್ಮ ಕೋಶಗಳನ್ನು ನೀರಿನಿಂದ ಮರಳಿ ಹಿಡಿಯುವುದೂ ಕಷ್ಟ. ಅಮೆರಿಕದ ಎಂಐಟಿ ಮತ್ತು ಜಾರ್ಜಿಯಾ ಟೆಕ್ ಸಂಸ್ಥೆಗಳ ಸಂಶೋಧಕರು 2024ರಲ್ಲಿ ಯೀಸ್ಟನ್ನು ಜೆಲ್ಲಿಯಂಥ ಪುಟ್ಟ ಗುಳಿಗೆಗಳೊಳಗೆ ತುಂಬಿ, ಕುಡಿಯುವ ನೀರಿನ ಸೀಸವನ್ನು ಹೀರಿಸಿ ತೋರಿಸಿದರು. ಅಂಥ ಗುಳಿಗೆಯನ್ನು ನೀರಿನಿಂದ ಸುಲಭವಾಗಿ ಎತ್ತಬಹುದು. ಬಣ್ಣಕ್ಕೂ ಇಂಥ ದಾರಿಗಳು ತೆರೆಯಬಹುದು. ಆದರೆ ಉಪ್ಪಿಗೆ ಯೀಸ್ಟ್ ಉತ್ತರವಲ್ಲ. ಅದಕ್ಕೆ ಉಪ್ಪು ಕಡಿಮೆ ಬೇಡುವ ಬಣ್ಣಗಳು ಬೇಕು, ಅಥವಾ ತಿರುಪ್ಪೂರಿನವರಂತೆ ಕುದಿಸಿ ಮರಳಿ ಪಡೆಯುವ ಖರ್ಚನ್ನು ಟೀ ಶರ್ಟ್ ಕೊಳ್ಳುವ ನಾವೂ ಹೊರಬೇಕು.

ಪ್ರದರ್ಶನದ ಹಿಂದಿನ ರಾತ್ರಿ ನಾನೊಂದು ಸಲಹೆ ಕೊಟ್ಟೆ: 'ತಿಳಿನೀರಿನ ಲೋಟ ಇಡು, ಸಾಕು. ಉಪ್ಪಿನ ತಟ್ಟೆ ಯಾಕೆ? ತೀರ್ಪುಗಾರರು ಪ್ರಯೋಗ ಸೋತಿತು ಅಂದುಕೊಳ್ತಾರೆ.' ಮಗಳು ನನ್ನನ್ನೇ ನೋಡಿದಳು. 'ಬಾವಿ ನೀರೂ ತಿಳಿಯಾಗೇ ಇತ್ತಲ್ಲಪ್ಪ' ಎಂದಳು.

ನಾನು ಸುಮ್ಮನಾದೆ. ತಟ್ಟೆಯನ್ನು ಲೋಟದ ಪಕ್ಕದಲ್ಲೇ ಇಟ್ಟಳು. ಅದರ ಕೆಳಗೆ ಒಂದು ಚೀಟಿ: 'ಬಣ್ಣ ಹೋಯಿತು, ಉಪ್ಪು ಉಳಿಯಿತು.' ಬಹುಮಾನ ಬರಲಿಲ್ಲ. ಸೌರವಿದ್ಯುತ್ತಿನ ದೀಪಕ್ಕೆ ಹೋಯಿತು. ಆದರೆ ಮಕ್ಕಳನ್ನು ಕರೆತಂದಿದ್ದ ತಂದೆತಾಯಿಯರು ಆ ತಟ್ಟೆಯ ಮುಂದೆ ನಿಂತು, ಬೆರಳಿನಿಂದ ಹರಳು ಮುಟ್ಟಲು ಹೋಗಿ, ತಡೆದಾಗ ಕೈ ಹಿಂತೆಗೆದುಕೊಂಡು, 'ಇದು ಎಲ್ಲಿಯದು?' ಎಂದು ಕೇಳುತ್ತಿದ್ದರು. ಅವಳು ಬಾವಿಯ ಕಥೆ ಹೇಳುತ್ತಿದ್ದಳು.

ಈ ಸಲ ಸಂಕ್ರಾಂತಿಗೆ ಭಾವನಿಗೆ ನಾವೇ ಅರಿಶಿನದ ಗಿಡ ಕಳಿಸಿದೆವು. ಎಳ್ಳುಬೆಲ್ಲದ ಜೊತೆ ಮಗಳ ಪ್ರಯೋಗದ ವರದಿಯ ಒಂದು ಪ್ರತಿಯೂ ಇತ್ತು. ಬಾವಿಯ ನೀರು ಮೊದಲಿಗಿಂತ ವಾಸಿಯಂತೆ. ಎರಡು ಒಳ್ಳೆಯ ಮಳೆಗಾಲ ಸಿಕ್ಕರೆ ಒಂದು ಪಾತಿಯಲ್ಲಿ ಅರಿಶಿನ ಊರಿ ನೋಡುತ್ತಾರಂತೆ.

ಹೋಗುವುದು ಹೇಗೆ?

ತಿರುಪ್ಪೂರು ಈರೋಡು ಕೊಯಿಮತ್ತೂರು ರೈಲು ಮಾರ್ಗದಲ್ಲಿದೆ. ಬೆಂಗಳೂರಿನಿಂದ ಸೇಲಂ ಮೂಲಕ ಹೋಗುವ ರೈಲುಗಳು ಅನುಕೂಲ. ಮೈಸೂರು, ಚಾಮರಾಜನಗರದ ಕಡೆಯವರು ದಿಂಬಂ ಘಾಟಿಯಲ್ಲಿ ಇಳಿದು ಸತ್ಯಮಂಗಲ, ಅವಿನಾಶಿ ಮಾರ್ಗವಾಗಿ ಬರಬಹುದು. ಹುಲಿ ಅಭಯಾರಣ್ಯದ ದಾರಿಯಾದ್ದರಿಂದ ಹಗಲಿನಲ್ಲೇ ಪ್ರಯಾಣ ಮಾಡುವುದು ಲೇಸು. ಅವಿನಾಶಿಯ ದೇವಾಲಯ, ಕುಮರನ್ ಸ್ಮಾರಕ, ಕೊಡುಮಣಲ್, ಚೆನ್ನಿಮಲೆಯ ಸುಬ್ರಹ್ಮಣ್ಯನ ಬೆಟ್ಟ, ಎರಡು ದಿನಕ್ಕೆ ಇಷ್ಟು ಸಾಕು. ಕಾರ್ಖಾನೆ ನೋಡಬೇಕೆಂದರೆ ಮೊದಲೇ ಅನುಮತಿ ಪಡೆಯಬೇಕು. ಮಕ್ಕಳನ್ನು ಕರೆದುಕೊಂಡು ಹೋಗಿ. ಘಾಟಿಗೆ ಮುಂಚೆ ಇಡ್ಲಿ ಮಾತ್ರ ಮಿತವಾಗಿ ತಿನ್ನಿ.